ಮನೆಗೆ ಬಂದ ದುಡ್ಡು ಕೂಸಿನ ಮಿದುಳು ಮುಟ್ಟುವ ದಾರಿ

ಹುಕ್ಕೇರಿ, ಬೀಳಗಿ, ಇಂಡಿ, ಯಾವ ತಾಲ್ಲೂಕಿನ ಕೂಡು ಕುಟುಂಬದ ರೇಷನ್ ಕಾರ್ಡ್ ತೆಗೆದು ನೋಡಿದರೂ ಯಜಮಾನಿಯ ಜಾಗದಲ್ಲಿ ಸಾಮಾನ್ಯವಾಗಿ ಅತ್ತೆಯ ಹೆಸರಿರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಅವರ ಖಾತೆಗೆ. ಅದೇ ಮನೆಯಲ್ಲಿ ಎಂಟು ತಿಂಗಳ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಓಡಾಡುವ ಸೊಸೆಯ ಹೆಸರು ಎಷ್ಟೋ ಸಲ ಆ ಕಾರ್ಡಿಗೆ ಇನ್ನೂ ಸೇರಿರುವುದಿಲ್ಲ. ಕೂಸಿನ ಹೆಸರು ಸೇರಲು ಇನ್ನೂ ಒಂದೆರಡು ವರ್ಷ ಹಿಡಿಯುತ್ತದೆ.

ಬಡ ಕುಟುಂಬಕ್ಕೆ ಕೊಡುವ ಹಣದಿಂದ ಮಗುವಿನ ಮಿದುಳು ಚೆನ್ನಾಗಿ ಬೆಳೆಯುತ್ತದೆಯೇ ಎಂದು ಕೇಳುವವರು ಈ ಕಾರ್ಡಿನಿಂದಲೇ ಶುರುಮಾಡಬೇಕು. ಹಣ ಮಿದುಳನ್ನು ನೇರವಾಗಿ ಮುಟ್ಟುವುದಿಲ್ಲ. ಅದು ಮೊದಲು ಮನೆಯನ್ನು ಬದಲಿಸಬೇಕು. ಮನೆ ಬದಲಾದರೆ ಕೂಸಿನ ತಾಟು, ಅವ್ವನ ಪುರುಸೊತ್ತು, ಮನೆಯವರ ಚಿಂತೆ ಬದಲಾಗಬೇಕು. ಅಲ್ಲಿಂದ ಮುಂದೆ ಮಿದುಳು. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಹಣ ಸೋರಿ ಹೋಗಬಹುದು. ಎಷ್ಟು ಹಣ ಎನ್ನುವಷ್ಟೇ ಮುಖ್ಯವಾದದ್ದು ಅದು ಯಾರ ಕೈಗೆ, ಕೂಸಿನ ಯಾವ ವಯಸ್ಸಿನಲ್ಲಿ, ಎಷ್ಟು ನೇಮದಿಂದ ಬರುತ್ತದೆ ಎನ್ನುವುದು.

ಮೊದಲ ಎರಡು ವರ್ಷಕ್ಕೆ ಯಾಕಿಷ್ಟು ಮಹತ್ವ

ಹುಟ್ಟಿದ ಕೂಸಿನ ಮಿದುಳು ಸುಮಾರು 350 ಗ್ರಾಂ ತೂಗುತ್ತದೆ. ದೊಡ್ಡವರದು 1,300ರಿಂದ 1,400 ಗ್ರಾಂ. ಎರಡು ವರ್ಷ ತುಂಬುವ ಹೊತ್ತಿಗೆ ಅದು ದೊಡ್ಡವರ ಮಿದುಳಿನ ಮುಕ್ಕಾಲು ಪಾಲನ್ನು ದಾಟಿರುತ್ತದೆ. ದೇಹದ ಬೇರಾವ ಅಂಗವೂ ಇಷ್ಟು ಅವಸರದಲ್ಲಿ ಬೆಳೆಯುವುದಿಲ್ಲ. ಈ ಅವಸರಕ್ಕೆ ಇಂಧನ ಬೇಕು. ನಾಲ್ಕೈದು ವರ್ಷದ ಮಗು ಇಡೀ ದಿನ ಓಡಿ ಆಡಿ ಖರ್ಚು ಮಾಡುವ ಒಟ್ಟು ಶಕ್ತಿಯಲ್ಲಿ ಶೇ 40ಕ್ಕೂ ಹೆಚ್ಚು ಪಾಲನ್ನು ಮಿದುಳೊಂದೇ ತಿನ್ನುತ್ತದೆ.

ತೂಕ ಹೆಚ್ಚುವುದರ ಜೊತೆಗೆ ಒಳಗೆ ಎರಡು ಕೆಲಸ ನಡೆದಿರುತ್ತವೆ. ನರಕೋಶಗಳು ಒಂದಕ್ಕೊಂದು ಕೈಕೊಟ್ಟು ಕೊಂಡಿ ಬೆಸೆಯುತ್ತವೆ; ಬಳಕೆಯಾದ ಕೊಂಡಿ ಗಟ್ಟಿಯಾಗುತ್ತದೆ, ಬಳಕೆಯಾಗದ್ದು ಕಳಚಿ ಬೀಳುತ್ತದೆ. ಇನ್ನೊಂದು ಕಡೆ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿಕೊಳ್ಳುತ್ತದೆ. ವಿದ್ಯುತ್ ವೈರಿನ ಮೇಲಿನ ಪ್ಲಾಸ್ಟಿಕ್ಕಿನಂತೆ ಅದು ಸಂದೇಶ ಸೋರದೆ ವೇಗವಾಗಿ ಹೋಗುವಂತೆ ಮಾಡುತ್ತದೆ. ಮೊದಲನೆಯದಕ್ಕೆ ಮಾತು, ಆಟ, ಮುಖ ಬೇಕು. ಎರಡನೆಯದಕ್ಕೆ ಕಬ್ಬಿಣ, ಸತು, ಅಯೋಡಿನ್, ಒಳ್ಳೆಯ ಕೊಬ್ಬು ಬೇಕು. ಬಡತನ ಎರಡಕ್ಕೂ ಒಟ್ಟಿಗೇ ಕೈಹಾಕುತ್ತದೆ.

ಕಬ್ಬಿಣದ ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಮ್ಮ ಕಡೆ ಅತಿ ಹೆಚ್ಚು ತಪ್ಪು ಆಗುವುದು ಅಲ್ಲಿಯೇ. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಇದ್ದಷ್ಟನ್ನು ಮೊದಲು ರಕ್ತದ ಕೆಂಪುಕಣಗಳು ಎಳೆದುಕೊಳ್ಳುತ್ತವೆ, ಮಿದುಳಿನ ಸರದಿ ಆಮೇಲೆ. ಹಾಗಾಗಿ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಎಂದು ಗೊತ್ತಾಗುವ ಹೊತ್ತಿಗೆ ಮಿದುಳು ಎಷ್ಟೋ ದಿನದಿಂದ ಕೊರತೆಯಲ್ಲೇ ಬೆಳೆಯುತ್ತಿರುತ್ತದೆ. ಕೋಸ್ಟರಿಕಾ ದೇಶದಲ್ಲಿ ಕೂಸಿದ್ದಾಗ ತೀವ್ರ ಕಬ್ಬಿಣ ಕೊರತೆ ಇದ್ದ ಮಕ್ಕಳನ್ನು 19ನೇ ವಯಸ್ಸಿನವರೆಗೆ ಹಿಂಬಾಲಿಸಿ ನೋಡಿದರು. ರಕ್ತ ಎಂದೋ ಸರಿಹೋಗಿದ್ದರೂ ಬುದ್ಧಿಯ ಪರೀಕ್ಷೆಗಳಲ್ಲಿ ಅವರು ಹಿಂದೆಯೇ ಉಳಿದಿದ್ದರು. ಬಡ ಮನೆಯವರಲ್ಲಿ ಈ ಅಂತರ ಇನ್ನೂ ದೊಡ್ಡದಿತ್ತು.

ಕೂಸು ಅವ್ವನ ಹೊಟ್ಟೆಯಿಂದ ತಂದ ಕಬ್ಬಿಣದ ಗಂಟು ಸುಮಾರು ಆರು ತಿಂಗಳಿಗೆ ಸಾಕಾಗುತ್ತದೆ. ಅವ್ವನಿಗೇ ರಕ್ತ ಕಡಿಮೆ ಇದ್ದರೆ ಅದಕ್ಕೂ ಮೊದಲೇ ಕರಗುತ್ತದೆ. ಆರು ತಿಂಗಳ ನಂತರ ಎದೆಹಾಲಿನ ಜೊತೆಗೆ ಊಟ ಶುರುವಾಗಬೇಕು. ಆಗ ಅನೇಕ ಮನೆಗಳಲ್ಲಿ ಕೂಸಿನ ಕೈಗೆ ಬರುವುದು ಚಹಾದಲ್ಲಿ ಅದ್ದಿದ ಟೋಸ್ಟು, ಖಾರಿ, ಇಲ್ಲವೇ ಐದು ರೂಪಾಯಿಯ ಬಿಸ್ಕೀಟ್ ಪುಡಿಕೆ. ಅದರಲ್ಲಿ ಕಬ್ಬಿಣ ಹೆಸರಿಗಷ್ಟೇ ಇರುತ್ತದೆ. ಚಹಾದ ಒಗರು ಅಂಶ ಬೇರೆ ಊಟದ ಕಬ್ಬಿಣವನ್ನೂ ಹೀರದಂತೆ ತಡೆಯುತ್ತದೆ. ಹೊಟ್ಟೆ ತುಂಬಿದಂತೆ ಕಾಣುವ ಕೂಸಿನ ಮಿದುಳು ಉಪವಾಸ ಇರುವುದು ಹೀಗೆ.

ಮಗ್ಗದ ಸದ್ದು, ಬೀಡಿಯ ಮೊರ

ಊಟದ ದಾರಿ ಆಯಿತು. ಎರಡನೆಯ ದಾರಿ ಮಾತಿನದು. ಹತ್ತು ತಿಂಗಳ ಕೂಸು ಬಾಗಿಲ ಕಡೆ ಬೆರಳು ತೋರಿಸಿ “ಬೌ” ಎನ್ನುತ್ತದೆ. ಅವ್ವ ಅತ್ತ ತಿರುಗಿ “ಹೌದವ್ವಾ, ನಾಯಿ ಬಂತು, ಕರಿ ನಾಯಿ” ಎನ್ನುತ್ತಾಳೆ. ಕೂಸು ಮತ್ತೆ ಏನೋ ಅನ್ನುತ್ತದೆ, ಅವ್ವ ಮತ್ತೆ ಉತ್ತರ ಕೊಡುತ್ತಾಳೆ. ಹತ್ತು ಸೆಕೆಂಡಿನ ಈ ಕೊಡು-ಕೊಳ್ಳುವ ಮಾತು ದಿನಕ್ಕೆ ನೂರಾರು ಸಲ ನಡೆದಾಗ ಭಾಷೆಯ ಕೊಂಡಿಗಳು ಗಟ್ಟಿಯಾಗುತ್ತವೆ. ಟಿವಿ, ಮೊಬೈಲ್ ಎಷ್ಟು ಮಾತಾಡಿದರೂ ಕೂಸು ಏನಂದಿತು ಎಂದು ಕೇಳಿಸಿಕೊಂಡು ಉತ್ತರ ಕೊಡುವುದಿಲ್ಲ.

ಇದಕ್ಕೆ ದುಡ್ಡೇನೂ ಬೇಡವಲ್ಲ ಎನ್ನಬಹುದು. ಬೇಕಾದದ್ದು ಅವ್ವನ ಗಮನ, ಮತ್ತು ಬಡ ಮನೆಯಲ್ಲಿ ಅದಕ್ಕಿಂತ ತುಟ್ಟಿಯಾದ ವಸ್ತು ಇಲ್ಲ. ನಿಪ್ಪಾಣಿಯಲ್ಲಿ ಮನೆಯಲ್ಲೇ ಬೀಡಿ ಕಟ್ಟುವವರಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಕೂಸಿನ ಕಡೆ ತಿರುಗಿದಷ್ಟು ಹೊತ್ತು ಎಣಿಕೆ ಹಿಂದೆ ಬೀಳುತ್ತದೆ, ಸುತ್ತ ತಂಬಾಕಿನ ಧೂಳು ಬೇರೆ. ರಬಕವಿ-ಬನಹಟ್ಟಿಯಲ್ಲಿ ಮನೆಯೊಳಗೇ ಪವರ್‌ಲೂಮ್ ಓಡುತ್ತದೆ. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಮಾತೇ ಕೇಳದಿರುವಾಗ ತೊಟ್ಟಿಲಲ್ಲಿರುವ ಕೂಸು ಅವ್ವನ ಧ್ವನಿಯನ್ನು ಹೇಗೆ ಬೇರ್ಪಡಿಸಿಕೊಳ್ಳಬೇಕು? ಇಂಥ ಮನೆಗಳಲ್ಲಿ ತಿಂಗಳಿಗೆ ನೆಚ್ಚಬಹುದಾದ ಒಂದಿಷ್ಟು ಹಣ ಬಂದು ದಿನಕ್ಕೆ ಒಂದು ಗಂಟೆ ಕೆಲಸ ನಿಂತರೆ ಆ ಗಂಟೆ ಕೂಸಿನದಾಗುತ್ತದೆ.

ಮೂರನೆಯದು ಚಿಂತೆ. ಸಾಲ, ಜಗಳ, ನಾಳೆ ಒಲೆ ಹೊತ್ತುತ್ತದೋ ಇಲ್ಲವೋ ಎಂಬ ಭಯ ತಿಂಗಳುಗಟ್ಟಲೆ ಇದ್ದ ಮನೆಯಲ್ಲಿ ಕೂಸಿನ ದೇಹದಲ್ಲೂ ಕಾರ್ಟಿಸಾಲ್ ಎಂಬ ಒತ್ತಡದ ರಸ ಏರಿಯೇ ಇರಬಹುದು. ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗಕ್ಕೆ ಇದರಿಂದ ಪೆಟ್ಟು ಬೀಳಬಹುದು.

ಸಂಶೋಧನೆ ಎಲ್ಲಿಯವರೆಗೆ ಬಂದಿದೆ

2015ರಲ್ಲಿ ಅಮೆರಿಕದ 1,099 ಮಕ್ಕಳ, ಯುವಕರ ಮಿದುಳಿನ ಸ್ಕ್ಯಾನ್ ನೋಡಿದ ಅಧ್ಯಯನವೊಂದು ಹೊರಬಂತು. ಕಿಂಬರ್ಲಿ ನೋಬಲ್ ಅದರ ಮುಖ್ಯ ಸಂಶೋಧಕಿಯರಲ್ಲಿ ಒಬ್ಬರು. ಮನೆಯ ಆದಾಯ ಕಡಿಮೆ ಇದ್ದಲ್ಲಿ ಮಿದುಳಿನ ಹೊರಪದರದ ವಿಸ್ತೀರ್ಣವೂ ಸರಾಸರಿಯಲ್ಲಿ ಕಡಿಮೆ ಇತ್ತು. ತೀರ ಬಡವರಲ್ಲಿ ಆದಾಯದ ಸಣ್ಣ ವ್ಯತ್ಯಾಸಕ್ಕೂ ದೊಡ್ಡ ಅಂತರ ಕಂಡಿತು, ಉಳ್ಳವರಲ್ಲಿ ಅದು ಹೆಚ್ಚುಕಡಿಮೆ ಮಾಯವಾಯಿತು. ಆದರೆ ಇದು ಜೊತೆಜೊತೆಗೆ ಕಾಣುವ ಸಂಬಂಧ ಮಾತ್ರ. ಬಡತನವೇ ಕಾರಣವೋ, ಬಡತನದ ಜೊತೆ ಬರುವ ಇನ್ನೇನಾದರೂ ಕಾರಣವೋ ಎಂಬುದನ್ನು ಸ್ಕ್ಯಾನ್ ಹೇಳಲಾರದು.

ಕಾರಣ ಗೊತ್ತಾಗಬೇಕಾದರೆ ಚೀಟಿ ಎತ್ತಿ ಹಣ ಕೊಟ್ಟು ನೋಡಬೇಕು. 2018ರಲ್ಲಿ ಅದನ್ನೇ ಶುರುಮಾಡಿದರು. ನ್ಯೂಯಾರ್ಕ್, ನ್ಯೂ ಆರ್ಲಿಯನ್ಸ್, ಒಮಾಹಾ ಮತ್ತು ಮಿನಿಯಾಪೊಲಿಸ್-ಸೇಂಟ್ ಪಾಲ್ ನಗರಗಳಲ್ಲಿ ಆಗತಾನೇ ಹೆತ್ತ 1,000 ಬಡ ತಾಯಂದಿರನ್ನು ಆಯ್ದು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಿಂಗಳಿಗೆ 333 ಡಾಲರ್, ಇನ್ನೊಂದಕ್ಕೆ 20 ಡಾಲರ್. ಶರತ್ತು ಏನೂ ಇಲ್ಲ, ಯಾವುದಕ್ಕೆ ಬೇಕಾದರೂ ಖರ್ಚು ಮಾಡಬಹುದು. ಕೂಸಿಗೆ ವರ್ಷ ತುಂಬಿದಾಗ ಮನೆಗೇ ಹೋಗಿ, ತಲೆಗೆ ಸಂವೇದಕಗಳಿರುವ ಟೊಪ್ಪಿಗೆ ಹಾಕಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಇದೇ ಇಇಜಿ ಪರೀಕ್ಷೆ. ಸೂಜಿ ಇಲ್ಲ, ನೋವಿಲ್ಲ. ಕೊರೊನಾ ಅಡ್ಡ ಬಂದದ್ದರಿಂದ 435 ಕೂಸುಗಳ ದಾಖಲೆ ಮಾತ್ರ ಸಿಕ್ಕಿತು. 2022ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೆಚ್ಚು ಹಣ ಪಡೆದ ಮನೆಯ ಕೂಸುಗಳಲ್ಲಿ ವೇಗದ ಅಲೆಗಳ ಬಲ ಹೆಚ್ಚಿತ್ತು. ಮುಂದೆ ಭಾಷೆ, ಕಲಿಕೆ ಚೆನ್ನಾಗಿರುವ ಮಕ್ಕಳಲ್ಲಿ ಕಾಣುವ ನಮೂನೆ ಅದು. ಬಡವರಿಗೆ ಹಣ ಕೊಟ್ಟರೆ ಮಿದುಳು ಬೆಳೆಯುತ್ತದೆ ಎಂದು ಜಗತ್ತಿನ ಪತ್ರಿಕೆಗಳು ಬರೆದವು.

ಅಷ್ಟು ಅವಸರ ಬೇಡವಾಗಿತ್ತು. ಹಲವು ಅಳತೆಗಳನ್ನು ಒಟ್ಟಿಗೆ ಮಾಡಿದಾಗ ಆಕಸ್ಮಿಕವಾಗಿಯೂ ಒಂದೆರಡರಲ್ಲಿ ವ್ಯತ್ಯಾಸ ಕಾಣಬಹುದು. ಆ ಲೆಕ್ಕ ಸರಿಪಡಿಸಿದಾಗ ಫಲಿತಾಂಶ ಸಡಿಲವಾಗಿತ್ತು. ಅದೇ ಮಕ್ಕಳಿಗೆ ನಾಲ್ಕು ವರ್ಷವಾದಾಗ ಮತ್ತೆ ನೋಡಿದರು. ಭಾಷೆ, ನಡವಳಿಕೆ, ಮನಸ್ಸನ್ನು ಹಿಡಿತದಲ್ಲಿಡುವ ಶಕ್ತಿ, ಮಿದುಳಿನ ಅಲೆ, ಯಾವುದರಲ್ಲೂ ಎರಡು ಗುಂಪಿನ ನಡುವೆ ನೆಚ್ಚಬಹುದಾದ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ಹಣ ವ್ಯರ್ಥವೇ? ಈ ಪ್ರಯೋಗದ ಇನ್ನಷ್ಟು ಸಂಗತಿಗಳನ್ನು ಜೊತೆಗಿಟ್ಟು ನೋಡಬೇಕು. ಹೆಚ್ಚು ಹಣ ಸಿಕ್ಕ ತಾಯಂದಿರು ಕೂಸಿನ ಬಟ್ಟೆ, ಪುಸ್ತಕ, ಆಟಿಕೆಗೆ ಹೆಚ್ಚು ಖರ್ಚು ಮಾಡಿದರು, ಓದಿ ಹೇಳುವುದು, ಆಡಿಸುವುದು ಹೆಚ್ಚಾಯಿತು. ಸಾರಾಯಿ, ಸಿಗರೇಟಿನ ಖರ್ಚು ಹೆಚ್ಚಲಿಲ್ಲ. ‘ಕೈಗೆ ದುಡ್ಡು ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ’ ಎಂಬ ಮಾತು ನಮ್ಮ ಕಟ್ಟೆಗಳ ಮೇಲೂ ಕೇಳುತ್ತದೆ, ಅದಕ್ಕೆ ಇಲ್ಲಿ ಆಧಾರ ಸಿಗಲಿಲ್ಲ. ಆದರೆ ತಾಯಂದಿರ ಮನಸ್ಸಿನ ಒತ್ತಡವೂ ಕಡಿಮೆಯಾಗಲಿಲ್ಲ. ಅಂದರೆ ಮೂರು ದಾರಿಗಳಲ್ಲಿ ಒಂದು ಮುಚ್ಚಿಯೇ ಉಳಿಯಿತು. 2021ರಲ್ಲಿ ಅಮೆರಿಕ ಸರ್ಕಾರ ಮಕ್ಕಳಿರುವ ಬಹುತೇಕ ಕುಟುಂಬಗಳಿಗೂ ನೆರವು ಹೆಚ್ಚಿಸಿತ್ತು, ಹೀಗಾಗಿ 20 ಡಾಲರ್ ಗುಂಪೂ ಬರಿಗೈಯಲ್ಲಿ ಇರಲಿಲ್ಲ.

ಆ ಫಲಿತಾಂಶವನ್ನು ಹಾಗೆಯೇ ಎತ್ತಿ ಸಿಂದಗಿಗೆ ತಂದಿಡುವುದು ತಪ್ಪು. ಊಟಕ್ಕೇ ಕೊರತೆ ಇರುವಲ್ಲಿ ಹಣದ ಕೆಲಸ ಬೇರೆ. ನಿಕರಾಗುವಾದ ಹಳ್ಳಿಗಳಲ್ಲಿ ಒಂದು ವರ್ಷ ತಾಯಂದಿರ ಕೈಗೆ ಹಣ ಕೊಟ್ಟ ಯೋಜನೆಯಲ್ಲಿ ಮಕ್ಕಳ ಊಟದಲ್ಲಿ ಸತ್ವ ಹೆಚ್ಚಿತು, ಮಾತು ಮತ್ತು ಬುದ್ಧಿಯ ಬೆಳವಣಿಗೆ ಸುಧಾರಿಸಿತು. ಹಣ ನಿಂತು ಎರಡು ವರ್ಷವಾದ ಮೇಲೂ ಆ ಲಾಭ ಉಳಿದಿತ್ತು. ಬರಿಯ ಆದಾಯ ಹೆಚ್ಚಳದಿಂದ ನಿರೀಕ್ಷಿಸುವುದಕ್ಕಿಂತ ಹೆಚ್ಚು ಲಾಭ ಕಂಡದ್ದು ಗಮನಿಸಬೇಕಾದದ್ದು: ಹಣ ಮಗುವಿಗಾಗಿ ಎಂದು ಹೇಳಿ ಕೊಟ್ಟಿದ್ದರು, ತಾಯಂದಿರು ಹಾಗೆಯೇ ಬಳಸಿದರು. 2023ರಲ್ಲಿ ಅಮೆರಿಕದ 17 ರಾಜ್ಯಗಳ 10,000ಕ್ಕೂ ಹೆಚ್ಚು ಮಕ್ಕಳ ಸ್ಕ್ಯಾನ್ ಹೋಲಿಸಿದಾಗ, ಬದುಕು ತುಟ್ಟಿಯಾದ ರಾಜ್ಯಗಳಲ್ಲಿ ಸರ್ಕಾರದ ನಗದು ನೆರವು ಧಾರಾಳವಾಗಿದ್ದಲ್ಲಿ ಬಡವರ-ಉಳ್ಳವರ ಮಕ್ಕಳ ಹಿಪೊಕ್ಯಾಂಪಸ್ ಗಾತ್ರದ ಅಂತರ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು.

ನಾವು ಅತಿ ಹೆಚ್ಚು ಪಾಠ ಕಲಿಯಬೇಕಾದದ್ದು ಜಮೈಕಾದಿಂದ. 1986-87ರಲ್ಲಿ ಅಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆಯ್ದುಕೊಂಡರು. ಕೆಲವರಿಗೆ ವಾರಕ್ಕೆ ಒಂದು ಕೆ.ಜಿ. ಹಾಲಿನಪುಡಿ ಆಧಾರಿತ ಆಹಾರ. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೆ ಒಂದು ಗಂಟೆ ಬಂದು, ಮನೆಯ ಸಾಮಾನಿನಲ್ಲೇ ಮಾಡಿದ ಆಟಿಕೆಗಳಿಂದ ಮಗುವನ್ನು ಹೇಗೆ ಆಡಿಸಬೇಕು, ಮಾತಾಡಿಸಬೇಕು ಎಂದು ಅವ್ವನಿಗೆ ತೋರಿಸಿದಳು. ಎರಡು ವರ್ಷ, ಅಷ್ಟೇ. ಇಪ್ಪತ್ತು ವರ್ಷದ ನಂತರ ನೋಡಿದರೆ ಆಡಿಸಿದ ಗುಂಪಿನವರ ಗಳಿಕೆ ಶೇ 25 ಹೆಚ್ಚಿತ್ತು. ಬರಿ ಆಹಾರ ಪಡೆದವರಲ್ಲಿ ಆ ಲಾಭ ಉಳಿಯಲಿಲ್ಲ. ಹೊಟ್ಟೆ ತುಂಬಿಸದೆ ಮಿದುಳು ಬೆಳೆಯುವುದಿಲ್ಲ, ಹೊಟ್ಟೆ ಮಾತ್ರ ತುಂಬಿಸಿದರೂ ಸಾಲುವುದಿಲ್ಲ.

ಎರಡು ಸಾವಿರದ ಲೆಕ್ಕ

ಈಗ ನಮ್ಮ ಅಡುಗೆಮನೆಗೆ ಬರೋಣ. ಒಂದೂವರೆ ವರ್ಷದ ಒಂದು ಮಗುವಿಗೆ, ಮನೆಯ ರೊಟ್ಟಿ-ಅನ್ನದ ಮೇಲೆ ಹೆಚ್ಚುವರಿಯಾಗಿ ಬೇಕಾದದ್ದರ ತಿಂಗಳ ಲೆಕ್ಕ ಇದು. ದಿನಕ್ಕೊಂದು ಮೊಟ್ಟೆ, 7 ರೂಪಾಯಿಯಂತೆ 210. ದಿನಕ್ಕೆ ಕಾಲು ಲೀಟರ್ ಹಾಲು, ಲೀಟರಿಗೆ 50ರಂತೆ 375. ದಿನಕ್ಕೊಂದು ಬಾಳೆಹಣ್ಣು, 5ರಂತೆ 150. ಹೆಸರುಬೇಳೆ ಒಂದು ಕೆ.ಜಿ., 120. ಶೇಂಗಾ ಅರ್ಧ ಕೆ.ಜಿ., 70. ಮೆಂತೆ, ರಾಜಗಿರಿ, ನುಗ್ಗೆಸೊಪ್ಪು, ಲಿಂಬೆಹಣ್ಣಿಗೆ 75. ಒಟ್ಟು ಸಾವಿರ ರೂಪಾಯಿ. ಊರೂರಿಗೆ ದರ ಬದಲಾಗುತ್ತದೆ, ಆದರೆ ಗೃಹಲಕ್ಷ್ಮಿಯ ಅರ್ಧ ಹಣದಲ್ಲಿ ಒಂದು ಕೂಸಿನ ತಾಟು ಪೂರ್ತಿ ಬದಲಾಗುತ್ತದೆ. ಮೊಟ್ಟೆ ತಿನ್ನದ ಮನೆಯವರು ಆ 210 ರೂಪಾಯಿಯನ್ನು ಮೊಸರು ಮತ್ತು ಮಡಿಕೆಕಾಳು, ಹೆಸರುಕಾಳಿನಂಥ ಮೊಳಕೆಕಾಳಿಗೆ ತಿರುಗಿಸಬಹುದು. ಕಬ್ಬಿಣದ ಸಿರಪ್ ಅವರ ಕೂಸಿಗೆ ಇನ್ನೂ ಅಗತ್ಯ.

ಅಳತೆಯೂ ಮುಖ್ಯ. 250 ಮಿ.ಲೀ. ಹಿಡಿಯುವ ಬಟ್ಟಲು ಇಟ್ಟುಕೊಳ್ಳಿ. ಆರರಿಂದ ಎಂಟು ತಿಂಗಳು: ಎರಡು-ಮೂರು ಚಮಚದಿಂದ ಶುರುಮಾಡಿ ಅರ್ಧ ಬಟ್ಟಲಿನವರೆಗೆ, ದಿನಕ್ಕೆ ಎರಡು-ಮೂರು ಸಲ. ಒಂಬತ್ತರಿಂದ ಹನ್ನೊಂದು ತಿಂಗಳು: ಅರ್ಧ ಬಟ್ಟಲು, ಮೂರು-ನಾಲ್ಕು ಸಲ. ವರ್ಷದ ಮೇಲೆ: ಮುಕ್ಕಾಲಿನಿಂದ ಒಂದು ಬಟ್ಟಲು. ಜೊತೆಗೆ ಎದೆಹಾಲು ಎರಡು ವರ್ಷದವರೆಗೆ. ಬೇಳೆಕಟ್ಟಿನ ತಿಳಿನೀರು ಊಟವಲ್ಲ. ಚಮಚ ಓರೆಮಾಡಿದರೆ ಜಾರದಷ್ಟು ಗಟ್ಟಿಯಾಗಿರಬೇಕು, ಮೇಲೆ ಒಂದು ಚಮಚ ತುಪ್ಪ ಅಥವಾ ಎಣ್ಣೆ ಬೀಳಬೇಕು. ಶೇಂಗಾ ಕುಟ್ಟಿ ಪುಡಿಮಾಡಿಯೇ ಕೊಡಬೇಕು, ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಜೋಳ, ಸಜ್ಜೆಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿ ಬೀಸಿದರೆ ಕಬ್ಬಿಣ ಹೀರಿಕೊಳ್ಳುವುದು ಸುಲಭವಾಗುತ್ತದೆ, ಮೇಲೆ ನಾಲ್ಕು ಹನಿ ಲಿಂಬೆರಸ ಹಿಂಡಿದರೆ ಇನ್ನೂ ಒಳ್ಳೆಯದು. ವರ್ಷದೊಳಗಿನ ಕೂಸಿಗೆ ಎದೆಹಾಲಿನ ಬದಲು ಆಕಳ ಹಾಲು ಕುಡಿಸಬೇಡಿ.

ಆಶಾ ಕೊಡುವ ಕಬ್ಬಿಣದ ಸಿರಪ್ ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ, ಒಂದೊಂದು ಮಿ.ಲೀ. ಕೂಸಿನ ಹೇಲು ಕರ‍್ರಗಾಯಿತು ಎಂದು ಹೆದರಿ ಬಾಟಲಿಯನ್ನು ಮಾಡದಲ್ಲಿ ಎತ್ತಿಡುವವರು ಬಹಳ. ಹಾಗಾಗುವುದು ಸಹಜ, ನಿಲ್ಲಿಸಬಾರದು. ಬಸುರಿಯರು ದಿನಕ್ಕೊಂದರಂತೆ 180 ದಿನ ನುಂಗುವ ಕಬ್ಬಿಣದ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ನಡುವೆ ಎರಡು ಗಂಟೆ ಅಂತರ ಇರಲಿ. ಯಾವುದನ್ನೂ ಚಹಾದ ಜೊತೆ ನುಂಗಬೇಡಿ.

ಹಣ ಎಲ್ಲಿ ಸಿಕ್ಕಿಕೊಳ್ಳುತ್ತದೆ

ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಶುರುವಾಯಿತು, ಕುಟುಂಬಕ್ಕೆ ಒಬ್ಬ ಯಜಮಾನಿ. ಕಂತು ತಡವಾಗಿ, ಎರಡು-ಮೂರು ತಿಂಗಳದ್ದು ಒಮ್ಮೆಲೇ ಬಂದಾಗ ಅದು ಕೂಸಿನ ತಾಟಿಗೆ ಹೋಗುವುದು ಕಷ್ಟ. ಅಷ್ಟರಲ್ಲಿ ಅಂಗಡಿಯ ಉದ್ರಿ ಬೆಳೆದಿರುತ್ತದೆ, ದೊಡ್ಡ ಮೊತ್ತ ಬಂದದ್ದೇ ಸಂಘದ ಕಂತಿಗೋ ಬಡ್ಡಿಗೋ ಹೋಗುತ್ತದೆ. ಮೊಟ್ಟೆ, ಹಾಲು ದಿನದಿನದ ಖರ್ಚು, ಅವಕ್ಕೆ ನೇಮದ ಹಣವೇ ಬೇಕು. ಇದಕ್ಕೊಂದು ಉಪಾಯವಿದೆ. ಹಾಲು ಹಾಕುವವರಿಗೆ, ಮೊಟ್ಟೆಯ ಅಂಗಡಿಗೆ ತಿಂಗಳ ಲೆಕ್ಕ ಗೊತ್ತುಮಾಡಿಕೊಂಡು, ಹಣ ಬಂದ ದಿನ ಮೊದಲು ಅದನ್ನೇ ತೀರಿಸುವುದು. ಅತ್ತೆಯವರನ್ನು ಈ ಮಾತಿಗೆ ಒಪ್ಪಿಸಲು ಅಂಗನವಾಡಿ ಕಾರ್ಯಕರ್ತೆ ತಾಯಂದಿರ ಸಭೆಗೆ ಸೊಸೆಯ ಜೊತೆ ಅವರನ್ನೂ ಕರೆಯಬೇಕು. ಮೊಮ್ಮಗು ಏನು ತಿನ್ನಬೇಕು ಎಂದು ಮನೆಯಲ್ಲಿ ತೀರ್ಮಾನಿಸುವವರು ಅವರೇ.

ಸೊಸೆಯ ಸ್ವಂತ ಖಾತೆಗೆ ಬರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಹಣ. ಮೊದಲ ಮಗುವಿಗೆ 5,000: ಬಸುರಿಯ ಹೆಸರು ನೋಂದಾಯಿಸಿ, ಕಡೆಯ ಮುಟ್ಟಿನಿಂದ ಆರು ತಿಂಗಳೊಳಗೆ ಕನಿಷ್ಠ ಒಂದು ತಪಾಸಣೆ ಆದಮೇಲೆ 3,000, ಜನನ ನೋಂದಣಿಯಾಗಿ 14 ವಾರದ ಲಸಿಕೆ ಮುಗಿದ ಮೇಲೆ 2,000. ಎರಡನೆಯದು ಹೆಣ್ಣುಮಗುವಾದರೆ ಒಂದೇ ಕಂತಿನಲ್ಲಿ 6,000. ಇಲ್ಲಿ ಆಗುವ ತೊಡಕುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಆಧಾರ್ ಕಾರ್ಡಿನಲ್ಲಿ ಮದುವೆಗೆ ಮುಂಚಿನ ಹೆಸರು, ತಾಯಿ ಕಾರ್ಡಿನಲ್ಲಿ ಗಂಡನ ಮನೆಯ ಹೆಸರು. ಖಾತೆ ಇದೆ, ಆದರೆ ಅದಕ್ಕೆ ಆಧಾರ್ ಜೋಡಣೆಯಾಗಿಲ್ಲ; ಅಥವಾ ಎಂದೋ ಬೇರೆ ಬ್ಯಾಂಕಿನಲ್ಲಿ ತೆರೆದ ಖಾತೆಗೆ ಜೋಡಣೆಯಾಗಿ ಹಣ ಅಲ್ಲಿ ಹೋಗಿ ಕೂತಿದೆ. ಎರಡು ವರ್ಷ ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗಿದೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಾಗ ಲಸಿಕೆ ಅಲ್ಲಿ ಬಿದ್ದು, ದಾಖಲೆ ಇಲ್ಲಿ ಅಪೂರ್ಣವಾಗಿ ಉಳಿದಿದೆ. ಬಸುರಿನ ಐದನೇ ತಿಂಗಳಿಗೇ ಆಧಾರ್, ಪಾಸ್‌ಬುಕ್, ತಾಯಿ ಕಾರ್ಡ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ ಅಕ್ಷರ ತಾಳೆ ನೋಡಿದರೆ ಮುಕ್ಕಾಲು ತೊಡಕು ಹುಟ್ಟುವುದೇ ಇಲ್ಲ. ಬ್ಯಾಂಕಿನಲ್ಲಿ ‘ಆಧಾರ್ ಕೊಟ್ಟಿದ್ದೇನೆ’ ಎಂದರೆ ಸಾಲದು, ಸರ್ಕಾರದ ಹಣ ಈ ಖಾತೆಗೇ ಬರುವಂತೆ ಜೋಡಣೆ ಆಗಿದೆಯೇ ಎಂದು ಕೇಳಬೇಕು.

ಹಣದ ಜೊತೆ ಊಟವೂ ಇದೆ. ಮಾತೃಪೂರ್ಣ ಯೋಜನೆಯಲ್ಲಿ 2017ರಿಂದ ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ. ಹೊಲದ ಕೆಲಸ ಬಿಟ್ಟು ಮಧ್ಯಾಹ್ನ ಅಲ್ಲಿಗೆ ಬರಲು ಆಗದಿರುವುದು, ಬಾಣಂತಿ ಹೊರಗೆ ಕಾಲಿಡಬಾರದು ಎಂಬ ಪದ್ಧತಿ, ಎರಡೂ ಈ ಊಟಕ್ಕೆ ಅಡ್ಡ ಬರುತ್ತವೆ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದು ತೋಳು ಅಳೆಯುವ ಪಟ್ಟಿ ಕೆಂಪು ತೋರಿಸಿದ ಕೂಸಿಗೆ ಕಾಯಿಲೆಯೂ ಇದ್ದರೆ ಅಥವಾ ಹಸಿವೇ ಇಲ್ಲದಿದ್ದರೆ ಅದನ್ನು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು 14 ದಿನ ಇಡಬೇಕಾಗುತ್ತದೆ. ಅವ್ವನಿಗೆ ಕೂಲಿ ನಷ್ಟದ ಭತ್ಯೆ ಕೊಡುವ ಅವಕಾಶವಿದೆ. ಅದನ್ನು ಮೊದಲ ದಿನವೇ ಹೇಳದಿದ್ದರೆ ನಾಲ್ಕನೇ ದಿನಕ್ಕೆ ಕೂಸನ್ನು ಎತ್ತಿಕೊಂಡು ಮನೆಗೆ ಹೋಗಿಬಿಡುತ್ತಾರೆ.

ಕಬ್ಬಿನ ಹಂಗಾಮು ಶುರುವಾದಾಗ ಇದೆಲ್ಲ ಒಮ್ಮೆಲೇ ಕಡಿದುಹೋಗುವ ಭಯವಿದೆ. ವಿಜಯಪುರ, ಬಾಗಲಕೋಟೆಯ ಹಳ್ಳಿ, ತಾಂಡಾಗಳಿಂದ ಮುಂಗಡ ಪಡೆದ ಗ್ಯಾಂಗುಗಳು ಬೆಳಗಾವಿಯ ಕಡೆಗೋ ಮಹಾರಾಷ್ಟ್ರಕ್ಕೋ ಹೋದರೆ ಐದಾರು ತಿಂಗಳು ಗುಡಿಸಲಲ್ಲೇ ಸಂಸಾರ. ಕೂಸಿಗೆ ಆರರಿಂದ ಹನ್ನೆರಡು ತಿಂಗಳಾಗುವ ಕಾಲ ಇದರಲ್ಲೇ ಕಳೆದುಹೋದರೆ ಊಟ ಶುರುವಾಗಬೇಕಾದ ಹೊತ್ತಿಗೆ ಅಂಗನವಾಡಿಯೂ ಇಲ್ಲ, ಸಿರಪ್ಪೂ ಇಲ್ಲ. ಹೊರಡುವ ಮುಂಚಿನ ವಾರ ಮಾಡಬೇಕಾದ ಕೆಲಸ ಹೀಗಿವೆ: ಅಂಗನವಾಡಿ ಕಾರ್ಯಕರ್ತೆಗೆ ಹೋಗುವ ಊರು ಹೇಳಿ ಅವರ ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಹೆಸರು ವರ್ಗ ಮಾಡಿಸಿಕೊಳ್ಳುವುದು, ಆಶಾ ಹತ್ತಿರ ಎರಡು ಬಾಟಲಿ ಸಿರಪ್ ಕೇಳಿ ಪಡೆಯುವುದು, ಬಾಕಿ ಲಸಿಕೆ ಹಾಕಿಸುವುದು, ಮೊಳಕೆ ಬರಿಸಿದ ಜೋಳ-ಹೆಸರು-ಶೇಂಗಾ ಹುರಿದು ಬೀಸಿದ ಹಿಟ್ಟನ್ನು ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ತುಂಬಿಕೊಳ್ಳುವುದು. ಹಿಟ್ಟು ತಿಂಗಳ ಮೇಲೆ ಕಮಟು ಹಿಡಿಯುತ್ತದೆ, ಆದ್ದರಿಂದ ಎರಡು ಕೆ.ಜಿ.ಗಿಂತ ಹೆಚ್ಚು ಒಯ್ಯುವುದು ಬೇಡ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಟ್ಟೆಯ ಗಂಟಿನ ನಡುವೆ ಇಡಿ. ಗುಡಿಸಲಿಗೆ ನೀರು ನುಗ್ಗಿದಾಗ ಮೊದಲು ನೆನೆದು ಅಳಿಸಿಹೋಗುವುದು ಅದರ ಮೇಲೆ ಪೆನ್ನಿನಲ್ಲಿ ಬರೆದ ಲಸಿಕೆಯ ತಾರೀಖುಗಳೇ.